ಅರಮನೆಯ ಬಾಗಿಲಲ್ಲಿ ಗುಂಡಗಡಿಗೆ

ಬಸ್ಸಿನಲ್ಲಿ

ಆ ಅರಮನೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ವಿಯೆನ್ನಾದಲ್ಲಿ ಅರಮನೆಗಳಿಗೇನು ಬರವೇ, ಯಾವುದೋ ಒಂದು ಅಂದುಕೊಳ್ಳಿ. ಹೋಗಿಬಂದು ಎಷ್ಟೋ ತಿಂಗಳಾಯಿತು. ಈಗಲೂ ಓಣಿಯ ಹೆಂಗಸರು "ಅರಮನಿ ಹೆಂಗಿತ್ರಿ?" ಅಂತ ಕೇಳಿದರೆ ನನ್ನ ಬಾಯಿಂದ ಮೊದಲು ಬೈಗುಳ ಬರುತ್ತದೆ, ಆಮೇಲೆ ಅರಮನೆ.

ನಾನು ಜೇವರ್ಗಿಯವಳು, ಶೋಭಾ. ತೊಗರಿ ಬೇಳೆಯ ಮಿಲ್ಲು ನಡೆಸುತ್ತೇನೆ. ಹಮಾಲರು, ಅಡತಿ ದಲ್ಲಾಳಿಗಳು, ಲಾರಿ ಡ್ರೈವರುಗಳ ನಡುವೆ ದಿನ ಕಳೆಯುವವಳಿಗೆ ಧ್ವನಿ ಸಣ್ಣದಿದ್ದರೆ ನಡೆಯುವುದಿಲ್ಲ. ನನ್ನ ಧ್ವನಿ ಮಿಲ್ಲಿನ ಗದ್ದಲದಲ್ಲೂ ಕೇಳಿಸುತ್ತದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರು ಹೇಳುತ್ತಾರೆ. ಇರಲಿ, ಬೇರೆಯವರ ಮೂಗಿನ ಮೇಲಂತೂ ಇಟ್ಟಿಲ್ಲವಲ್ಲ.

ಜೊತೆಗೆ ಬಂದವಳು ನನ್ನ ಅಕ್ಕ ಶರಣಮ್ಮ. ಅವಳನ್ನು ಮಾದನಹಿಪ್ಪರಗಾಕ್ಕೆ ಕೊಟ್ಟಿದೆ. ಅರವತ್ತು ದಾಟಿದಾಕೆ, ಹೊಲ ಮನೆ ಎರಡನ್ನೂ ತಾನೇ ನೋಡಿಕೊಳ್ಳುವ ಗಟ್ಟಿಗಿತ್ತಿ. ಆದರೆ ಮಾತಿನಲ್ಲಿ ಬಹಳ ಮೆತ್ತಗೆ. ಆಳಂದದ ಬಸ್ಸಿನಲ್ಲಿ ಯಾರಾದರೂ ಅವಳ ಕಾಲು ತುಳಿದರೆ, ಅವಳೇ "ತ್ರಾಸ ಆತೇನ್ರಿ?" ಅಂತ ಕೇಳಿ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ.

ಯುರೋಪಿಗೆ ಹೋಗೋಣ ಅಂತ ಹಟ ಹಿಡಿದದ್ದು ಮಾತ್ರ ಅವಳೇ.

"ನಮ್ಮ ಕಡಿ ರಾಜರ ಕೋಟಿ ಉಳದಾವ, ಮನಿ ಉಳದಿಲ್ಲ," ಅಂದಿದ್ದಳು. "ಬುರುಜು ನೋಡಿ ನೋಡಿ ಸಾಕಾಗ್ಯಾದ. ಅಲ್ಲಿ ರಾಜ ಎಲ್ಲಿ ಮಲಗ್ತಿದ್ದ, ಎಲ್ಲಿ ಉಣ್ತಿದ್ದ, ರಾಣಿ ಎಲ್ಲಿ ಕುಂತು ತಲಿ ಬಾಚ್ಕೋತಿದ್ಳು, ಎಲ್ಲಾ ಇದ್ದಂಗ ಇಟ್ಟಾರಂತ. ಅದೊಂದು ನೋಡಿ ಬರೂಣು ನಡಿ."

ಹೀಗೆ ಬೆಂಗಳೂರಿನ ಒಂದು ಟೂರ್ ಕಂಪನಿಯ ಗುಂಪಿಗೆ ಸೇರಿಕೊಂಡೆವು. ನಮ್ಮ ಗುಂಪಿನ ಮ್ಯಾನೇಜರ್ ರಾಕೇಶ ಅಂತ, ನಲವತ್ತರ ಆಸುಪಾಸಿನ ಮನುಷ್ಯ. ಅವನ ಬಾಯಲ್ಲಿ ಒಂದೇ ಮಂತ್ರ: ಅಡ್ಜಸ್ಟ್ ಮಾಡ್ಕೊಳ್ಳಿ. ಬಿಸಿನೀರು ಬರಲಿಲ್ಲವೇ, ಅಡ್ಜಸ್ಟ್. ಊಟಕ್ಕೆ ಹಸಿ ಎಲೆ ಬಂತೇ, ಅಡ್ಜಸ್ಟ್. ನಾವಿಬ್ಬರು ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ತೆಗೆದಾಗ ಬಸ್ಸಿನವರು ಮೊದಲ ದಿನ ಮೂಗು ಮುಚ್ಚಿಕೊಂಡರು, ಮೂರನೆಯ ದಿನ ತಾವೇ ಕೈ ಚಾಚಿದರು. ಅಕ್ಕ ಎಲ್ಲರಿಗೂ ಹಂಚಿದಳು. ನಾನಾಗಿದ್ದರೆ ಮೂಗು ಮುಚ್ಚಿದವರನ್ನು ನೆನಪಿಟ್ಟುಕೊಂಡು, ಅವರನ್ನು ಬಿಟ್ಟು ಉಳಿದವರಿಗೆ ಕೊಡುತ್ತಿದ್ದೆ.

ಬಾಗಿಲು

ಅರಮನೆಯ ಮುಂದೆ ಇಳಿದಾಗ ಅಕ್ಕನ ಮುಖ ನೋಡಬೇಕಿತ್ತು. ಸೆರಗು ಸರಿ ಮಾಡಿಕೊಂಡಳು, ಕೂದಲು ನೀವಿಕೊಂಡಳು. ಬೀಗರ ಮನೆಗೆ ಹೊರಟವರೂ ಇಷ್ಟು ಸಿಂಗಾರ ಮಾಡಿಕೊಳ್ಳುವುದಿಲ್ಲ.

ಆ ದಿನ ಯಾರೋ ದೊಡ್ಡ ಮನುಷ್ಯರು ಬರುವವರಿದ್ದರಂತೆ. ಅದಕ್ಕೆ ಬಾಗಿಲಲ್ಲಿ ಲೋಹ ಕಂಡರೆ ಕೂಗುವ ಚೌಕಟ್ಟು ನಿಲ್ಲಿಸಿದ್ದರು. ಕಪ್ಪು ಕೋಟಿನ ಕಾವಲುಗಾರ, ಎರಡು ತೊಗರಿ ಚೀಲ ಒಟ್ಟಿಗೆ ಹೊರುವಂಥ ಆಳು, ಪ್ಲಾಸ್ಟಿಕ್ ತಟ್ಟೆ ಹಿಡಿದು ನಿಂತಿದ್ದ. ನಾನು ದಾಟಿದೆ. ಅಕ್ಕ ದಾಟುವಾಗ ಚೌಕಟ್ಟು ಕೂಗಿತು.

ಅಕ್ಕ ಹೆದರಲಿಲ್ಲ. ಕೊರಳಿನ ಶಿವದಾರ ಎಳೆದು ತನ್ನ ಗುಂಡಗಡಿಗೆ ತೋರಿಸಿದಳು. ನಮ್ಮಲ್ಲಿ ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಬೆಳ್ಳಿಯ ಪುಟ್ಟ ಕರಡಿಗೆ ಅದು, ಮೊಟ್ಟೆಯಷ್ಟು ದೊಡ್ಡದು. ಚಿಕ್ಕಂದಿನಲ್ಲಿ ದೀಕ್ಷೆಯಾದ ದಿನದಿಂದ ಲಿಂಗ ಅವಳ ಮೈ ಬಿಟ್ಟಿಲ್ಲ. ಹೆರಿಗೆಯಲ್ಲಿ ಬಿಟ್ಟಿಲ್ಲ, ಆಪರೇಷನ್ನಿನಲ್ಲಿ ಡಾಕ್ಟರರ ಕೂಡ ವಾದ ಮಾಡಿ ತೋಳಿಗೆ ಕಟ್ಟಿಸಿಕೊಂಡಿದ್ದಳು. ಮೈಮೇಲೆ ಲಿಂಗವಿಲ್ಲದೆ ಗುಟುಕು ನೀರನ್ನೂ ಕುಡಿಯದ ಹೆಂಗಸು. ಆ ಲಿಂಗವನ್ನು ಅವಳಲ್ಲದೆ ಬೇರೆ ಯಾರೂ ಮುಟ್ಟುವಂತಿಲ್ಲ, ಸ್ವಂತ ತಂಗಿ ನಾನೂ ಇಲ್ಲಿಯವರೆಗೆ ಮುಟ್ಟಿಲ್ಲ.

ಕಾವಲುಗಾರ ಒಂದೇ ಬೆರಳಿನಿಂದ ತಟ್ಟೆ ತೋರಿಸಿದ. ಬಿಚ್ಚಿ ಇದರಲ್ಲಿ ಹಾಕು.

ನನ್ನ ಇಂಗ್ಲಿಷು ಅಡತಿ ಅಂಗಡಿಯ ಇಂಗ್ಲಿಷು, ಆದರೂ ಅರ್ಥವಾಗುವಂತೆ ಹೇಳಿದೆ. ಇದು ನಮ್ಮ ದೇವರು, ಮೈಯಿಂದ ತೆಗೆಯುವುದಿಲ್ಲ, ನಿನ್ನ ಕೈಯಂತ್ರ ತಂದು ಹತ್ತು ಸಲ ನೋಡು. ನಮ್ಮೂರಿನಿಂದ ಬರುವಾಗ ವಿಮಾನ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ಪರದೆಯ ಹಿಂದೆ ಕರೆದೊಯ್ದು, ಯಂತ್ರ ಆಡಿಸಿ, ಕೈಮುಗಿದು ಕಳಿಸಿದ್ದಳು. ವಿಮಾನಕ್ಕೆ ಇಲ್ಲದ ಭಯ ಇವನ ಬಾಗಿಲಿಗೆ ಯಾಕೆ? ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅವನು ಮತ್ತೆ ತಟ್ಟೆ ತೋರಿಸಿದ.

ಪರದೇಶದವನಿಗೆ ಗೊತ್ತಿಲ್ಲ, ಬಿಡಿ. ನಮ್ಮವರಿಗೇನಾಗಿತ್ತು ದಾಡಿ?

"ಆಂಟಿ, ಟೂ ಮಿನಿಟ್ಸ್ ಅಷ್ಟೇ," ಅಂತ ರಾಕೇಶ ಓಡಿಬಂದ. "ಟ್ರೇಗೆ ಹಾಕಿ, ಆ ಕಡೆ ಹೋಗಿ ಎತ್ಕೊಳ್ಳಿ. ನಮ್ಮ ಟೈಮ್ ಸ್ಲಾಟ್ ಹೋಗ್ಬಿಡುತ್ತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಪ್ಲೀಸ್."

"ತಗಿಯೂದಿಲ್ಲ ಅಂದ್ರ ತಗಿಯೂದಿಲ್ರಿ," ಅಂದೆ.

ಸಾಲಿನ ಹಿಂದಿನಿಂದ ನಮ್ಮ ಗುಂಪಿನ ಒಬ್ಬ ಹಿರಿಯರು, ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಬುದ್ಧಿ ಹೇಳಲು ಮುಂದೆ ಬಂದರು. "ದೇವರು ಮನಸ್ಸಲ್ಲಿದ್ದರೆ ಸಾಕಲ್ಲವೇನಮ್ಮಾ? ಇಷ್ಟೆಲ್ಲ ರಾದ್ಧಾಂತ ಯಾಕೆ?"

"ಹಂಗಾದ್ರ ನಿಮ್ಮ ಪಾಸ್‌ಪೋರ್ಟೂ ಮನಸ್ಸಿನ್ಯಾಗ ಇಟ್ಕೊಂಡು ಬರಬೇಕಿತ್ರಿ," ಅಂದೆ. "ಚೀಲ ಮಾಡಿ ಕೊರಳಾಗ ಯಾಕ ಕಟ್ಕೊಂಡೀರಿ?"

ಅವರು ಚೀಲ ಮುಟ್ಟಿ ನೋಡಿಕೊಂಡು ಹಿಂದಕ್ಕೆ ಸರಿದರು. ಆದರೆ ಸಾಲು ಗೊಣಗುತ್ತಿತ್ತು. ಯಾರೋ "ಅವರಿಬ್ಬರನ್ನ ಇಲ್ಲೇ ಬಿಟ್ಟು ಹೋಗೋಣ" ಅಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆಗ ಅಕ್ಕನ ಕೈ ಮೆಲ್ಲಗೆ ಶಿವದಾರದ ಗಂಟಿನ ಕಡೆಗೆ ಹೋಗುವುದನ್ನು ನೋಡಿದೆ.

"ಅಕ್ಕಾ, ಏನ್ ಮಾಡಾಕತ್ತೀ?"

"ಮಂದಿಗಿ ತ್ರಾಸ ಆಗಾಕತ್ತದ ಬೇ, ಶೋಭಾ."

"ಆಗಲಿ! ಒಂದಿನ ಮಂದಿಗೂ ತ್ರಾಸ ಆಗಲಿ!"

"ನೀ ಜರಾ ಸುಮ್ಕಿರು," ಅಂದಳು.

ಗೋಡೆಯ ಬದಿಗೆ ಹೋಗಿ ಕಲ್ಲಿನ ಮೆಟ್ಟಿಲ ಮೇಲೆ ಕೂತಳು. ಶಿವದಾರ ಬಿಚ್ಚಿ, ಗುಂಡಗಡಿಗೆ ತೆರೆದು, ವಸ್ತ್ರ ಸರಿಸಿ, ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡಳು. ಪೂಜೆಗೆ ಕೂತಾಗ ಹೇಗೆ ಇಟ್ಟುಕೊಳ್ಳುತ್ತಾಳೋ ಹಾಗೆಯೇ. ಖಾಲಿ ಬೆಳ್ಳಿಯನ್ನು ದಾರ, ವಸ್ತ್ರದ ಸಮೇತ ತಾನೇ ಎದ್ದುಬಂದು ಅವನ ತಟ್ಟೆಗೆ ಹಾಕಿದಳು. ನಿನಗೆ ಬೇಕಾದ್ದು ಬೆಳ್ಳಿಯಲ್ಲವೇ, ಇಟ್ಟುಕೋ. ಅಂಗೈ ನೋಡುತ್ತ ಚೌಕಟ್ಟು ದಾಟಿದಳು. ಚೌಕಟ್ಟು ಕೂಗಲಿಲ್ಲ. ನಾನು ಸಿಳ್ಳೆ ಹಾಕುವುದೊಂದು ಬಾಕಿ.

ಅಲ್ಲಿಗೂ ಮುಗಿಯಲಿಲ್ಲ ನೋಡಿ. ಕಾವಲುಗಾರ ಆ ಲಿಂಗಕ್ಕೇ ಕೈ ಚಾಚಿದ. ಅಕ್ಕ ಅಂಗೈಯನ್ನು ಎದೆಗೆ ಎಳೆದುಕೊಂಡಳು, ನಾನು ಮಧ್ಯೆ ನುಗ್ಗಿದೆ. ಅದೇನು ಕೂಗಿದೆನೋ ನೆನಪಿಲ್ಲ, ಕನ್ನಡದಲ್ಲೇ ಕೂಗಿದ್ದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಬಗ್ಗಿ ನೋಡಿ, ಕಲ್ಲು ಅಂತ ಖಾತ್ರಿಯಾದ ಮೇಲೆ ಭುಜ ಕುಣಿಸಿದ. ಆಮೇಲೆ ತಟ್ಟೆಯೊಳಗೆ ನೋಡಿದ. ಗುಂಡಗಡಿಗೆಯ ತಳದಲ್ಲಿ ಬೆಳ್ಳಗಿನ ಪುಡಿ.

"ಏನಿದು ಪೌಡರ್?"

"ವಿಭೂತಿ. ಪವಿತ್ರ ಬೂದಿ," ಅಂದೆ. ಎಂಥ ಬೂದಿ ಅಂದ. ಆಕಳ ಅಂತ ಶುರು ಮಾಡುವಷ್ಟರಲ್ಲಿ ರಾಕೇಶ ನನ್ನ ಕಿವಿಯಲ್ಲಿ ಅಳುವ ಧ್ವನಿಯಲ್ಲಿ ಪಿಸುಗುಟ್ಟಿದ: "ಮೇಡಂ, ದಯವಿಟ್ಟು ಸಗಣಿ ಅಂತ ಮಾತ್ರ ಹೇಳ್ಬೇಡಿ!"

ಕಾವಲುಗಾರ ಕೈಗವಸು ಹಾಕಿಕೊಂಡು ನಮ್ಮ ಗುಂಡಗಡಿಗೆಯನ್ನು, ದಾರ, ವಸ್ತ್ರ ಎಲ್ಲ ಸೇರಿಸಿ, ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಪರೀಕ್ಷೆ ಮಾಡುತ್ತೇವೆ, ಹೊರಗೆ ಹೋಗುವ ಬಾಗಿಲಲ್ಲಿ ತೆಗೆದುಕೊಳ್ಳಿ ಅಂದ. ಕಳ್ಳಸಾಗಣೆಯವರ ಮುಟ್ಟುಗೋಲು ಮಾಲು ನೋಡಿ ಅದು!

ಕೋಣೆಗಳು

ಲಿಂಗ ಅಂಗೈ ಮೇಲಿದ್ದರೆ ಅಕ್ಕ ಮಾತಾಡುವುದಿಲ್ಲ, ಅತ್ತಿತ್ತ ನೋಡುವುದೂ ಇಲ್ಲ. ಸೆರಗಿನಲ್ಲಿ ಗಂಟು ಕಟ್ಟಿಕೋ ಅಂದೆ. ತಲೆ ಅಲ್ಲಾಡಿಸಿದಳು. ಅಷ್ಟು ಜನರ ನೂಕುನುಗ್ಗಲಿನಲ್ಲಿ ಗಂಟು ಜಾರಿ ಲಿಂಗ ನೆಲಕ್ಕೆ ಬಿದ್ದರೆ? ಆ ಮಾತನ್ನು ನಾನೂ ಬಾಯಿಬಿಟ್ಟು ಹೇಳಲಾರೆ. ವಾಪಸು ಹೊರಗೆ ಹೋಗೋಣವೆಂದರೆ ಬಂದ ಬಾಗಿಲಿನಿಂದ ಹೊರಗೆ ಬಿಡುವುದಿಲ್ಲವಂತೆ. ಎಲ್ಲ ಕೋಣೆಗಳನ್ನು ದಾಟಿಯೇ ಹೋಗಬೇಕು.

ಹೀಗೆ, ರಾಜನ ಮನೆ ನೋಡಬೇಕೆಂದು ಸಮುದ್ರ ದಾಟಿ ಬಂದ ನನ್ನ ಅಕ್ಕ, ಎಡಗೈ ಮೇಲೆ ಲಿಂಗ, ಅದರ ಕೆಳಗೆ ಆಸರೆಗೆ ಬಲಗೈ, ನೋಟ ಅಂಗೈಯಲ್ಲಿ ನೆಟ್ಟು, ಆ ಅರಮನೆಯ ಒಂದೊಂದೇ ಕೋಣೆ ದಾಟಿದಳು. ನಾನು ಅವಳ ಮೊಣಕೈ ಹಿಡಿದಿದ್ದೆ. ಕಟ್ಟಿಗೆಯ ನೆಲಕ್ಕೆ ಎಣ್ಣೆ ತಿಕ್ಕಿ ತಿಕ್ಕಿ ಜಾರುವ ಹಾಗೆ ಮಾಡಿಟ್ಟಿದ್ದಾರೆ, ಒಂದು ಹೆಜ್ಜೆ ತಪ್ಪಿದರೆ ಏನು ಗತಿ? ಬಂಗಾರದ ಗೋಡೆ, ಗಾಜಿನ ದೀಪದ ಗೊಂಚಲು, ಆಳೆತ್ತರದ ಕನ್ನಡಿ ಎಲ್ಲ ಇದ್ದವು. ನಾನು ನೋಡಿದ್ದು ಕನ್ನಡಿಗಳಲ್ಲಿದ್ದ ನನ್ನದೇ ಸಿಟ್ಟಿನ ಮುಖ.

ಪ್ರತಿ ಕೋಣೆಯಲ್ಲೂ ಒಂದು ಫಲಕ. ಫೋಟೋ ತೆಗೆಯಬಾರದು. ರಾಜನ ಕುರ್ಚಿಯ ಫೋಟೋ ತೆಗೆಯಲು ಹೋದ ಒಬ್ಬ ಬಡಪಾಯಿಯನ್ನು ಅಲ್ಲಿಯ ಕಾವಲಿನವಳು ಗದರಿಸಿದಳು. ಆದರೆ ಅದೇ ಕೋಣೆಯಲ್ಲಿ ಅಕ್ಕನ ಮುಂದೆ ಫೋನು ಹಿಡಿದವರಿಗೆ ಯಾರೂ ಏನೂ ಅನ್ನಲಿಲ್ಲ. ಸತ್ತವನ ಕುರ್ಚಿಗೆ ಇರುವ ಮರ್ಯಾದೆ ಬದುಕಿರುವ ಹೆಂಗಸಿಗಿಲ್ಲ! ಮುಂದೆ ಬಂದು ತೆಗೆದರು, ಪಕ್ಕದಿಂದ ತೆಗೆದರು, ಒಬ್ಬಳು ಮಂಡಿಯೂರಿ ಅಂಗೈಗೇ ಗುರಿಯಿಟ್ಟಳು. ಇನ್ನೊಬ್ಬಳು ನನ್ನ ಭುಜ ತಟ್ಟಿ ಬಹಳ ಸಭ್ಯವಾಗಿ ಕೇಳಿದಳು, ಇದು ಅರಮನೆಯ ಕಡೆಯಿಂದ ನಡೆಯುವ ಪ್ರದರ್ಶನವೇ ಅಂತ.

ನನ್ನ ಎರಡೂ ಕೈ ಅಕ್ಕನ ಮೊಣಕೈಗೆ ಮೀಸಲಾಗಿದ್ದವು. ಇಲ್ಲದಿದ್ದರೆ ಒಂದೆರಡು ಫೋನು ಅಂದು ಆ ಹೊಳೆಯುವ ನೆಲ ನೋಡುತ್ತಿದ್ದವು.

ಒಂದು ದೊಡ್ಡ ಸಭಾಂಗಣದಲ್ಲಿ ತಿರುಗಿ ನೋಡಿದರೆ ನಮ್ಮ ರಾಕೇಶ! ಹಿಮ್ಮುಖವಾಗಿ ನಡೆಯುತ್ತ ಅಕ್ಕನ ವಿಡಿಯೋ ಮಾಡುತ್ತಿದ್ದಾನೆ.

"ಸೂಪರಾಗಿ ಬರ್ತಿದೆ ಮೇಡಂ," ಅಂದ. "ನಮ್ಮ ಕಲ್ಚರ್! ಕಂಪನಿ ಪೇಜಿಗೆ ಹಾಕ್ತೀನಿ."

ಬಾಗಿಲಲ್ಲಿ ಬಿಚ್ಚಿಡಿ ಅಂದವನಿಗೆ ಒಳಗೆ ಬಂದ ಕೂಡಲೇ ಅದು ನಮ್ಮ ಕಲ್ಚರ್ ಆಗಿತ್ತು. ನಾಚಿಕೆ, ಮಾನ, ಮರ್ಯಾದೆ ಮೂರನ್ನೂ ಮೂರು ಕಾಸಿಗೆ ಮಾರಿಕೊಂಡವರು ಅಂದರೆ ಇವರೇ.

ಹೊರಬಾಗಿಲು

ಹೊರಬಾಗಿಲಿನ ಕೌಂಟರಿನಲ್ಲಿ ಬೇರೊಬ್ಬ ಹೆಣ್ಣುಮಗಳು ಇದ್ದಳು. ಚೀಲ ಕೊಟ್ಟು "ಓಕೆ" ಅಂದಳು. ತೆರೆದು ನೋಡಿದರೆ ಗುಂಡಗಡಿಗೆಯ ಒಳಗೆ ವಿಭೂತಿಯ ಕಣವಿಲ್ಲ. ತೊಳೆದು ಒರೆಸಿಬಿಟ್ಟಿದ್ದರು! ಪಾತ್ರೆ ಬೆಳಗಿ ಕೊಟ್ಟ ಹಾಗೆ ಫಳಫಳ ಅನ್ನುತ್ತಿತ್ತು. ತಪ್ಪಾಯಿತು ಅಂತ ಒಂದು ಮಾತು ಹೇಳಿ ಅಂದೆ. ಅವಳು ನಕ್ಕು, ಈ ದಿನ ನಿಮಗೆ ಶುಭವಾಗಲಿ ಅಂದಳು. ಅಲ್ಲಿಯವರ ಅಭ್ಯಾಸವೇ ಅದು. ಕೆನ್ನೆಗೆ ಬಾರಿಸಿದರೂ ಶುಭ ಹಾರೈಸಿಯೇ ಕಳಿಸುತ್ತಾರೆ.

ಅಕ್ಕ ತೋಟದ ಬೆಂಚಿನ ಮೇಲೆ ಕೂತು ತನ್ನ ಕೈಚೀಲದೊಳಗಿದ್ದ ವಿಭೂತಿ ಗಟ್ಟಿಯಿಂದ ಪೂಜೆ ಮುಗಿಸಿದಳು. ಲಿಂಗವನ್ನು ವಸ್ತ್ರದಲ್ಲಿಟ್ಟು, ಗುಂಡಗಡಿಗೆ ಮುಚ್ಚಿ, ಕೊರಳಿಗೆ ಕಟ್ಟಿಕೊಂಡಳು. ಎಡಗೈ ಮರಗಟ್ಟಿತ್ತು. ನಾನು ತಿಕ್ಕಿದೆ. ನೀರು ಕುಡಿದಳು.

"ಆಂಟಿ ಗ್ರೇಟ್!" ಅಂತ ರಾಕೇಶ ಬಂದ. "ಅಂತೂ ಎಲ್ಲಾ ನೋಡಿದ್ರಲ್ಲ?"

ಅಕ್ಕ ಬಾಟಲಿಯ ಮುಚ್ಚಳ ಹಾಕಿದಳು. "ಏನೂ ನೋಡಿಲ್ಲ ತಮ್ಮಾ. ಒಂದು ಗೋಡಿ ಸೈತ ನೋಡಿಲ್ಲ. ನಾಳಿ ಮತ್ತ ಬರ್ತೇನಿ."

"ನಾಳೆ ಶಾಪಿಂಗ್ ಇದೆ ಆಂಟಿ, ಆಮೇಲೆ ಬೋಟ್..."

"ನೀವು ಹೋಗ್ರಿ. ನಾ ರಾಜನ ಮನಿ ನೋಡಾಕ ಬಂದೇನಿ, ಅಂಗಡಿ ನೋಡಾಕಲ್ಲ." ಅವಳ ಧ್ವನಿ ಏರಲಿಲ್ಲ. ಆದರೆ ಅಂಥ ಧ್ವನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಮತ್ತ, ನಿಮ್ಮ ಫೋನಿನ್ಯಾಗ ನನ್ನ ಪೂಜಾ ಅದ. ಅದನ್ನ ಈಗ ನನ್ನ ಕಣ್ಮುಂದ ಅಳಸ್ರಿ."

"ಆಂಟಿ, ಒಳ್ಳೆ ಉದ್ದೇಶದಿಂದಾನೇ..."

"ನಾ ಕಣ್ಣು ಎತ್ತಿಲ್ಲ, ಖರೆ. ಕಿವಿ ಮುಚ್ಚಿದ್ದಿಲ್ಲ. ಬಾಗಲದಾಗ ಏನಂದ್ರಿ, ಒಳಗ ಏನಂದ್ರಿ, ಎಲ್ಲಾ ಕೇಳೇನಿ. ಅಳಸ್ರಿ."

ಅಳಿಸಿದ. ಎರಡು ವಿಡಿಯೋ ಇದ್ದವು. ಎರಡೂ ಹೋಗುವವರೆಗೆ ಅಕ್ಕ ಆ ಫೋನಿನಿಂದ ದೃಷ್ಟಿ ತೆಗೆಯಲಿಲ್ಲ. ಪಾಸ್‌ಪೋರ್ಟಿನ ಹಿರಿಯರು ಪಕ್ಕದಲ್ಲೇ ನಿಂತು ಹೂವು ನೋಡುತ್ತಿದ್ದರು, ಒಂದು ಗಿಡದಲ್ಲಿ ಅಷ್ಟು ಹೊತ್ತು ನೋಡುವಂಥದ್ದು ಏನಿತ್ತೋ.

ಮರುದಿನ

ಗುಂಪು ಅಂಗಡಿಗೆ ಹೋಯಿತು, ನಾವಿಬ್ಬರು ಟ್ರಾಮು ಹತ್ತಿದೆವು. ಆ ಊರಿನ ಮಂದಿ ವಿಚಿತ್ರ. ಟ್ರಾಮಿನಲ್ಲಿ ನಾಯಿಯನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತಾರೆ, ಪಕ್ಕದಲ್ಲಿರುವ ಮನುಷ್ಯರ ಮುಖ ನೋಡುವುದಿಲ್ಲ. ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲದಿದ್ದರೂ ಕೆಂಪು ದೀಪವಿದ್ದರೆ ಕಂಬದ ಹಾಗೆ ನಿಂತುಬಿಡುತ್ತಾರೆ. ನಾವು ದಾಟಿದರೆ ಒಬ್ಬ ಅಜ್ಜಿ ಕೊಡೆ ಎತ್ತಿ ಬೈದಳು. ಅಕ್ಕ ಅವಳಿಗೂ ಕೈಮುಗಿದಳು.

ರಾತ್ರಿಯೇ ಜಗಳಕ್ಕೆ ಬೇಕಾದ ಇಂಗ್ಲಿಷನ್ನೆಲ್ಲ ಜೋಡಿಸಿಕೊಂಡು ಬಂದಿದ್ದೆ. ಬಾಗಿಲಿಗೆ ಬಂದು ನೋಡಿದರೆ ಚೌಕಟ್ಟೇ ಇಲ್ಲ! ತಟ್ಟೆಯಿಲ್ಲ, ಕೈಗವಸಿಲ್ಲ. ದೊಡ್ಡ ಮನುಷ್ಯರು ಬಂದು ಹೋಗಿಯಾಗಿತ್ತು. ಬೇರೊಬ್ಬ ಕಾವಲುಗಾರ ಆಕಳಿಸುತ್ತ ಟಿಕೆಟು ನೋಡಿ ಒಳಗೆ ಹೋಗಿ ಅಂತ ಕೈ ಬೀಸಿದ. ಅಕ್ಕನ ಕೊರಳಲ್ಲಿ ಗುಂಡಗಡಿಗೆ ತೂಗುತ್ತಿತ್ತು. ಅವನು ಅದರತ್ತ ನೋಡಲೂ ಇಲ್ಲ.

"ನಿಂದ್ರು ಅಕ್ಕಾ, ಇವನ್ನ ಕೇಳ್ತೇನಿ. ನಿನ್ನಿ ಇದ್ದ ಕಾನೂನು ಇವತ್ತು ಎಲ್ಲಿ ಹೋತು?"

"ಸುಮ್ಕ ಬಾರಬೇ," ಅಂತ ಅಕ್ಕ ನನ್ನ ತೋಳು ಹಿಡಿದು ಎಳೆದಳು. "ನಿನ್ನ ಜಗಳ ನೋಡಾಕ ಟಿಕೆಟ್ ತಗದಿಲ್ಲ ನಾ."

ಮಲಗುವ ಕೋಣೆ

ಆ ದಿನ ಅಕ್ಕ ಅರಮನೆ ನೋಡಿದಳು ನೋಡಿ! ಹೆಣ್ಣು ನೋಡಲು ಬಂದ ಅತ್ತೆ ಮನೆ ನೋಡುವ ಹಾಗೆ ಮೂಲೆಮೂಲೆ ನೋಡಿದಳು. ಕಿವಿಗೆ ಹಚ್ಚಿಕೊಂಡರೆ ವಿವರ ಹೇಳುವ ಯಂತ್ರ ನನ್ನ ಹತ್ತಿರವಿತ್ತು, ಅದು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅವಳಿಗೆ ಹೇಳುತ್ತಿದ್ದೆ.

ಊಟದ ಮನೆಯಲ್ಲಿ ಅಷ್ಟೊಂದು ಚಮಚ ನೋಡಿ, "ಇಷ್ಟು ತಿಕ್ಕೋರು ಯಾರಿದ್ರು?" ಅಂದಳು. ಕೋಣೆಗಳ ಬಿಳಿಯ ಒಲೆಗಳಿಗೆ ಆಳುಗಳು ಗೋಡೆಯ ಹಿಂದಿನ ಓಣಿಯಿಂದ ಕಟ್ಟಿಗೆ ಹಾಕುತ್ತಿದ್ದರಂತೆ, ರಾಜನ ಕಣ್ಣಿಗೆ ಬೀಳದ ಹಾಗೆ. ಅದನ್ನು ಹೇಳಿದಾಗ ಅಕ್ಕನಿಗೆ ನನಗಿಂತ ಹೆಚ್ಚು ಸಿಟ್ಟು ಬಂತು.

"ಬೆಂಕಿ ಬೇಕಂತ, ಬೆಂಕಿ ಹಾಕೋರ ಮಾರಿ ಬ್ಯಾಡಂತ! ಎಂಥಾ ಸೊಕ್ಕಿನ ಮಂದಿ ಬೇ ಇವರು."

ರಾಣಿಯ ಕೂದಲು ನೆಲ ಮುಟ್ಟುವಷ್ಟು ಉದ್ದ, ಬಾಚಲು ಮುಂಜಾನೆಯೆಲ್ಲ ಹಿಡಿಯುತ್ತಿತ್ತು ಅಂದೆ. "ಕೆಲಸಿಲ್ಲದಾಕಿ," ಅಂದಳು. ಆದರೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ನನಗೆ ಖುಷಿಯಾಯಿತು. ನಿನ್ನೆ ಕಸಿದುಕೊಂಡದ್ದನ್ನು ಇವತ್ತು ವಸೂಲು ಮಾಡುತ್ತಿದ್ದಾಳೆ ಅನ್ನಿಸಿತು.

ಹಾಗೆ ರಾಜನ ಮಲಗುವ ಕೋಣೆಗೆ ಬಂದೆವು. ಅವಳು ಊರಿನಿಂದ ಹೊರಡುವಾಗಿನಿಂದ ಹಂಬಲಿಸಿದ್ದ ಕೋಣೆ. ಜನ ಕಿಕ್ಕಿರಿದಿದ್ದರು. ಅಷ್ಟು ದೊಡ್ಡ ಸಾಮ್ರಾಜ್ಯದ ದೊರೆಗೆ ಕಬ್ಬಿಣದ ಸಣ್ಣ ಮಂಚ, ನಮ್ಮ ಸರಕಾರಿ ದವಾಖಾನೆಯಲ್ಲಿ ಇರುವಂಥದ್ದು. ಮಂಚದ ಪಕ್ಕದಲ್ಲಿ ಕಟ್ಟಿಗೆಯ ಒಂದು ಸಣ್ಣ ಪೀಠ, ಮುಂದೆ ಹಗ್ಗ.

"ಅದೇನದು, ಆ ಕಟಗಿ ಪೀಠ?" ಅಂತ ಅಕ್ಕ ಅಡ್ಡ ನಿಂತವರ ನಡುವಿನಿಂದ ಇಣುಕಿದಳು.

ಯಂತ್ರವನ್ನು ಕಿವಿಗೆ ಒತ್ತಿಕೊಂಡು ಹೇಳಿದೆ. "ರಾಜ ದಿನಾ ನಸುಕಿನ್ಯಾಗ ಎದ್ದು, ಮೈ ತೊಳಕೊಂಡು, ಅದರ ಮ್ಯಾಲ ಮೊಣಕಾಲೂರಿ ದೇವರ ಪ್ರಾರ್ಥನಾ ಮಾಡ್ತಿದ್ದನಂತ. ಅದು ಆಗೂತನಕ ಯಾರನ್ನೂ ಒಳಗ ಬಿಡ್ತಿದ್ದಿಲ್ಲಂತ."

"ಯಾರನ್ನೂ?"

"ಮಂತ್ರಿ ಬಂದ್ರೂ ಹೊರಗ ನಿಲ್ಲಬೇಕಂತ."

ನನಗೆ ಮೈಯೆಲ್ಲ ಬೆಂಕಿ ಹತ್ತಿತು. ನೋಡಿದೆಯಾ ಅಕ್ಕಾ, ಅವನ ಪೂಜೆಗೆ ಇಷ್ಟು ಕಾವಲು, ನಿನ್ನ ಪೂಜೆಯನ್ನು ಊರೆಲ್ಲ ಫೋನಿನಲ್ಲಿ ತುಂಬಿಕೊಂಡು ಹೋಯಿತು, ಇವರ ಮನೆ ಹಾಳಾಗ ಅಂತ ಇಡೀ ಕೋಣೆಗೆ ಕೇಳುವ ಹಾಗೆ ಶುರು ಮಾಡುವವಳಿದ್ದೆ. ಆದರೆ ಅಕ್ಕ ನನ್ನ ಕಡೆ ನೋಡುತ್ತಿರಲಿಲ್ಲ. ಹಗ್ಗಕ್ಕೆ ಆತುಕೊಂಡು ಪೀಠದ ಕಡೆಗೆ ಕತ್ತು ಚಾಚಿದವರನ್ನು, ಕಾವಲಿನವಳ ಕಣ್ಣು ತಪ್ಪಿಸಿ ಸೊಂಟದ ಹತ್ತಿರ ಫೋನು ಹಿಡಿದವರನ್ನು ನೋಡುತ್ತಿದ್ದಳು. ಅವಳ ಕೈ ಕೊರಳಿನ ಗುಂಡಗಡಿಗೆಯ ಮೇಲಿತ್ತು.

"ನಡಿ ಶೋಭಾ," ಅಂದಳು. "ಹೊರಗ ನಡಿ."

"ಯಾಕ? ಇದನ್ನ ನೋಡಾಕೇ ಬಂದೀಯಲ್ಲ? ಮಂಚ ಸೈತ ಬರೋಬ್ಬರಿ ನೋಡಿಲ್ಲ ನೀ."

"ಅವನ ಪೂಜಾ ಜಾಗಾ ಅದು. ನಾವಾದ್ರೂ ನಿಂತು ನೋಡೂದು ಬ್ಯಾಡ."

ಮಂಚಕ್ಕೆ ಬೆನ್ನು ತಿರುಗಿಸಿ, "ಜರಾ ಹಾದಿ ಬಿಡ್ರಿ" ಅಂತ ಕನ್ನಡದಲ್ಲೇ ಹೇಳುತ್ತ ಜನರ ನಡುವೆ ಹೊರಟೇಬಿಟ್ಟಳು. ಅವರು ಹಾದಿ ಬಿಟ್ಟರು. ನಾನು ಕಿವಿಯ ಯಂತ್ರ ಬಂದ್ ಮಾಡಿ ಅವಳ ಹಿಂದೆ ನಡೆದೆ.